ಕೀ ಕೊಡಬೇಡಿ

ಫಿಟ್ಸ್ ಬಂದವರ ಕೈಗೆ ಕಬ್ಬಿಣ ತುರುಕುವವರನ್ನು ಕಂಡರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ನನ್ನ ತಮ್ಮನಿಗೆ ಅದು ಮೊದಲ ಸಲ ಬಂದದ್ದು ಚಿಕ್ಕಬಳ್ಳಾಪುರದ ತರಕಾರಿ ಮಾರ್ಕೆಟ್ಟಿನಲ್ಲಿ. ಟೊಮೆಟೊ ಇಳಿಸುತ್ತಿದ್ದವನು ಹಾಗೇ ಬಿದ್ದನಂತೆ. ಯಾರೋ ಪುಣ್ಯಾತ್ಮರು ಅವನದೇ ಗೂಡ್ಸ್ ಗಾಡಿಯ ಕೀ ತೆಗೆದು ಅವನ ಮುಷ್ಟಿಯಲ್ಲಿಟ್ಟರು. ಎಚ್ಚರವಾದಾಗ ಕೈಯಲ್ಲಿ ಕೀ, ಎದುರಿಗೆ ಗಾಡಿ. ಓಡಿಸಿಕೊಂಡೇ ಮನೆಗೆ ಬಂದ.

ಮೂರ್ಛೆರೋಗ ಇದ್ದವರಿಗೆ ಲೈಸೆನ್ಸ್ ಇಲ್ಲ ಎಂದು ಡಾಕ್ಟರು ನನ್ನೆದುರೇ ಹೇಳಿದರು. ಮಾತ್ರೆ ನುಂಗಿ ವರ್ಷಗಟ್ಟಲೆ ಬರದೇ ಇದ್ದರೆ ಎಂದು ತಮ್ಮ ಕೇಳಿದ. ಬೇರೆ ಕೆಲವು ದೇಶಗಳಲ್ಲಿ ಆಗ ಕೊಡುತ್ತಾರೆ, ನಮ್ಮ ಕಾನೂನು ಹಾಗಿಲ್ಲ ಎಂದರು.

"ನನ್ ಲೈಸೆನ್ಸ್ ಜೇಬಲ್ಲೈತೆ. ಯಾವನು ಕಿತ್ಕೊಳ್ತಾನೋ ನೋಡ್ತೀನಿ" ಎಂದು ಹೊರಗೆ ಬಂದು ಗೋಡೆಗೆ ಗುದ್ದಿದ.

ಗಾಡಿ ಬಿಟ್ಟರೆ ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಅದು ಗೊತ್ತಿದ್ದೇ ನಾನು ಕೀಯನ್ನು ರಾಗಿ ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟೆ. ಮರುದಿನ ಬೆಳಿಗ್ಗೆ ಅವನು ಹುಡುಕಾಡಿ, ಡಬ್ಬವನ್ನೇ ಎತ್ತಿ ನೆಲಕ್ಕೆ ಬಡಿದು, ಚೆಲ್ಲಿದ ಹಿಟ್ಟಿನಿಂದ ಕೀ ಹೆಕ್ಕಿಕೊಂಡ. ನಾನು ಕೈಗೆ ಸಿಕ್ಕ ಸೌಟಿನಿಂದ ಹೊಡೆದೆ. ಅವನು ನನ್ನ ಜಡೆ ಹಿಡಿದು ಬಾಗಿಲಿಗೆ ತಳ್ಳಿದ. ಗಾಡಿ ಸ್ಟಾರ್ಟ್ ಆದದ್ದೇ ನಾನೂ ಹತ್ತಿ ಪಕ್ಕದಲ್ಲಿ ಕೂತೆ. ದಾರಿಯುದ್ದಕ್ಕೂ ಬೈದಾಡಿದೆವು.

ಪೆರೇಸಂದ್ರದ ಹತ್ತಿರ ಅವನ ಮಾತು ನಡುವೆಯೇ ನಿಂತಿತು. ಕತ್ತು ಒಂದು ಕಡೆಗೆ ತಿರುಚಿಕೊಂಡಿತು. ಕಾಲು ಆಕ್ಸಿಲರೇಟರ್ ಮೇಲೆ ಸೆಟೆದು ನಿಂತಿತ್ತು. ನಾನು ಸ್ಟೇರಿಂಗ್ ಎಳೆದಾಡುವಷ್ಟರಲ್ಲಿ ಗಾಡಿ ರಸ್ತೆ ಬದಿಯ ಸೀಬೆಹಣ್ಣಿನ ಅಂಗಡಿಗೆ ನುಗ್ಗಿತು. ಅಂಗಡಿಯಾಕೆ ನೀರು ಕುಡಿಯಲು ಎದ್ದು ಹೋಗಿದ್ದಳು. ಅಷ್ಟಕ್ಕೇ ಬದುಕಿದಳು.

ಜನ ಓಡಿಬಂದರು. ಬಾಗಿಲು ತೆಗೆದು ತಮ್ಮನನ್ನು ಕೆಳಕ್ಕೆಳೆದು ಒದೆಯತೊಡಗಿದರು. "ಬೆಳಬೆಳಗ್ಗೆ ಕುಡ್ಕೊಂಡು ಓಡಿಸ್ತೀಯೇನೋ ನನ್ಮಗನೆ!" ಎಂದು ಒಬ್ಬ ಚಪ್ಪಲಿಯಿಂದ ಅವನ ಮುಖಕ್ಕೆ ಹೊಡೆದ. ತಮ್ಮನ ಬಾಯಲ್ಲಿ ನೊರೆ, ನೊರೆಯಲ್ಲಿ ರಕ್ತ. ನಾನು ಅವನ ಮೇಲೆ ಬಿದ್ದು ಕಿರುಚಿದೆ, "ಹೊಡೀಬೇಡ್ರೋ, ಕುಡ್ದಿಲ್ಲ, ಫಿಟ್ಸು!"

ಒದೆಗಳು ನಿಂತವು. ಚಪ್ಪಲಿಯಲ್ಲಿ ಹೊಡೆದವನೇ, "ಅಯ್ಯೋ, ಮೊದ್ಲೇ ಹೇಳ್ಬಾರ್ದೇನಮ್ಮ?" ಎಂದು ಗಾಡಿಗೆ ಕೈಹಾಕಿ ಕೀ ಕಿತ್ತು ತಂದು ತಮ್ಮನ ಮುಷ್ಟಿ ಬಿಡಿಸತೊಡಗಿದ. "ಕಬ್ಬಿಣ ಹಿಡಿಸಿದ್ರೆ ಸರಿಹೋಗ್ತದೆ."

ಅವನ ಮಣಿಕಟ್ಟಿಗೆ ನಾನು ಹಲ್ಲಿಳಿಸಿಬಿಟ್ಟೆ. ಅವನು ಕೂಗಿಕೊಂಡ. ಕೆಳಗೆ ಬಿದ್ದ ಕೀಯನ್ನು ಸೆರಗಿಗೆ ಗಂಟು ಹಾಕಿಕೊಂಡೆ. ಹೆಂಗಸಿಗೆ ತಲೆ ಕೆಟ್ಟಿದೆ ಎಂದರು. ಅನ್ನಲಿ.

ಆ ಗಾಡಿಯನ್ನು ಈಗ ನಾನೇ ಓಡಿಸುತ್ತೇನೆ. ಲೈಸೆನ್ಸ್ ಮಾಡಿಸುವಾಗ ಮೂರ್ಛೆ ಬರುತ್ತದೆಯೇ ಎಂದು ನನ್ನನ್ನೂ ಕೇಳಿದರು. ಇಲ್ಲ ಎಂದೆ. ಅಷ್ಟು ಸಲೀಸಾಗಿ ಮುಗಿದದ್ದಕ್ಕೆ ನನಗೆ ಅಳು ಬಂತು, ಸಿಟ್ಟೂ ಬಂತು. ತಮ್ಮ ಪಕ್ಕದಲ್ಲಿ ಕೂರುತ್ತಾನೆ, ಕ್ರೇಟು ಇಳಿಸುತ್ತಾನೆ. ಗಾಡಿ ಓಡಿಸುವ ಮಾತು ಎತ್ತುವುದಿಲ್ಲ.

ಆದರೆ ಅಪರೂಪಕ್ಕೆ ಫಿಟ್ಸ್ ಬಂದು ಹೋದ ಮೇಲೆ ಸ್ವಲ್ಪ ಹೊತ್ತು ಅವನಿಗೆ ಯಾವುದೂ ನೆನಪಿರುವುದಿಲ್ಲ. ಕಣ್ಣು ಬಿಟ್ಟು ಮೊದಲು ತನ್ನ ಅಂಗೈ ನೋಡಿಕೊಳ್ಳುತ್ತಾನೆ. "ಕೀ ಎಲ್ಲೈತಕ್ಕಾ? ಮಾರ್ಕೆಟ್ಟಿಗೆ ಹೊತ್ತಾಯ್ತು" ಎನ್ನುತ್ತಾನೆ.

"ನೀನು ಓಡಿಸಂಗಿಲ್ಲ ಕಣಪ್ಪ" ಎನ್ನುತ್ತೇನೆ.

"ಯಾಕೆ?" ಎಂದು ಕೇಳುತ್ತಾನೆ, ಅವತ್ತೇ ಮೊದಲ ಸಲ ಕೇಳುತ್ತಿರುವವನ ಹಾಗೆ. ನಾನು ಮತ್ತೆ ಹೇಳಬೇಕು.