ದೇವರ ಬಟ್ಟೆ, ನಾಯಿಯ ಮೂಗು

ನಾಯಿ ಸುಳ್ಳು ಹೇಳುವುದಿಲ್ಲ ಎಂದು ಯಾರಾದರೂ ನನ್ನೆದುರು ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಹೇಳುವುದಿಲ್ಲ, ಸರಿ. ಆದರೆ ಅದರ ಮೂಗಿಗೆ ಏನು ಹಿಡಿಯಬೇಕೆಂದು ತೀರ್ಮಾನಿಸುವುದು ನಾಯಿಯಲ್ಲ, ನಾವು. ನಾವು ಎಂಥವರು ಎಂಬುದನ್ನು ನಾನು ಕೆಂಪಾಪುರದಲ್ಲಿ ಚೆನ್ನಾಗಿ ನೋಡಿದ್ದೇನೆ. ಆ ನಾವು ಅನ್ನುವುದರಲ್ಲಿ ನಾನೂ ಸೇರಿದ್ದೇನೆ, ಅದಕ್ಕೇ ಇಷ್ಟು ಸಿಟ್ಟು.

ಅರವತ್ತರ ದಶಕದ ಮೊದಲ ವರ್ಷಗಳು. ಹೆಬ್ಬಾಳದ ಕೆರೆ ದಾಟಿದರೆ ಕೆಂಪಾಪುರ ಆಗ ಪೂರಾ ಹಳ್ಳಿ. ರಾಗಿ ಹೊಲ, ಸೊಪ್ಪಿನ ತೋಟ, ಎರಡು ಕೋಣೆಯ ಸ್ಕೂಲು. ಆ ಸ್ಕೂಲಿಗೆ ನಾನು ಟೀಚರು. ಮದುವೆಯಾಗದ ಹೆಂಗಸು ಒಬ್ಬಳೇ ಇರುತ್ತಾಳೆ ಅಂದರೆ ಮನೆ ಕೊಡಲು ಊರವರು ಮುಖ ಸಿಂಡರಿಸುತ್ತಿದ್ದರು, ಹಾಗಾಗಿ ನನ್ನ ಸೋದರಮಾವ ಬಂದು ಜೊತೆಗಿದ್ದರು. ಅವರು ಮಿಲಿಟರಿಯಲ್ಲಿ ನಾಯಿಗಳನ್ನು ಪಳಗಿಸುತ್ತಿದ್ದವರು. ರಿಟೈರಾದ ಮೇಲೆ ಕೈಗೆ ಕೆಲಸವಿಲ್ಲದೆ ಬೆಳಿಗ್ಗೆ ಅಂಗಳ ಗುಡಿಸಿ, ಸ್ವಲ್ಪ ಹೊತ್ತು ಬಿಟ್ಟು ಅದೇ ಅಂಗಳವನ್ನು ಮತ್ತೆ ಗುಡಿಸುತ್ತಿದ್ದರು.

ನಾಯಿ ನನ್ನದು. ಬಸ್‌ಸ್ಟಾಪಿನಿಂದ ನನ್ನ ಹಿಂದೆಯೇ ಬಂದು ಹಿತ್ತಿಲಲ್ಲಿ ಠಿಕಾಣಿ ಹೂಡಿದ ಕಂದು ಬಣ್ಣದ ಬೀದಿನಾಯಿ, ಒಂದು ಕಿವಿ ಸದಾ ಮಡಚಿಕೊಂಡಿರುತ್ತಿತ್ತು. ಮಾವ ಅದನ್ನು ಒಂದು ವಾರ ಸುಮ್ಮನೆ ನೋಡಿದರು. ಆಮೇಲೆ, "ಇದರ ಮೂಗು ಚೆನ್ನಾಗಿದೆ ಕಣೇ, ಸುಮ್ನೆ ಅನ್ನ ಹಾಕಿ ಕೆಡಿಸ್ಬೇಡ," ಅಂದರು.

ಕಲಿಸುವ ಕ್ರಮ ಸರಳ, ಮಾವನ ಶಿಸ್ತು ಮಾತ್ರ ಪ್ರಾಣ ತಿನ್ನುವಂಥದ್ದು. ಹಳೆ ಪಂಚೆ ಹರಿದು ಚೂರು ಮಾಡಿ, ಕುದಿಸಿ, ಒಣಗಿಸಿ, ಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ಎರಡು ಚೂರುಗಳನ್ನು ಒಬ್ಬರು ಅರ್ಧ ಗಂಟೆ ಕಂಕುಳಲ್ಲಿ ಇಟ್ಟುಕೊಳ್ಳಬೇಕು. ಒಂದನ್ನು ನಾಯಿಗೆ ಮೂಸಲು ಕೊಟ್ಟು, ಇನ್ನೊಂದನ್ನು ಬೇರೆ ಐದಾರು ಚೂರುಗಳ ನಡುವೆ ಅಂಗಳದಲ್ಲಿ ಹಾಕಬೇಕು. ಎಲ್ಲವನ್ನೂ ಇಕ್ಕಳದಲ್ಲೇ ಹಿಡಿಯಬೇಕು. ಸರಿಯಾದ ಚೂರಿನ ಮುಂದೆ ನಾಯಿ ಹೋಗಿ ಕುಳಿತರೆ ಬಾಯಿಗೆ ಕೊಬ್ಬರಿ. ಬೊಗಳಬಾರದು, ಕಚ್ಚಬಾರದು, ಕೊಬ್ಬರಿ ಸಿಗುವವರೆಗೆ ಜಾಗ ಬಿಟ್ಟು ಏಳಬಾರದು. ಈ ಕೊನೆಯದನ್ನು ಕಲಿಸಲು ನನಗೆ ಎರಡು ತಿಂಗಳು ಹಿಡಿಯಿತು.

ಮೊದಮೊದಲು ಅದು ಎಲ್ಲೆಲ್ಲೋ ಕುಳಿತುಕೊಳ್ಳುತ್ತಿತ್ತು. ನಾನು ನಾಯಿಯನ್ನು ಬೈದೆ, ಮಾವ ನನ್ನನ್ನು ಬೈದರು. ಆಗಿದ್ದಿಷ್ಟೇ. ಇಕ್ಕಳ ಹಿಡಿಯಲು ಸೋಮಾರಿತನ ಮಾಡಿ ನಾನು ಮೂಸಲು ಕೊಟ್ಟ ಚೂರನ್ನೂ ಅಂಗಳದ ಚೂರುಗಳನ್ನೂ ಕೈಯಲ್ಲೇ ಮುಟ್ಟಿದ್ದೆ. ಪಾಪ, ನಾಯಿ ನನ್ನ ವಾಸನೆಯನ್ನೇ ಹುಡುಕಿ ಹುಡುಕಿ ಕೊಡುತ್ತಿತ್ತು.

"ನಾಯಿನ ಕೇಳೋ ಮುಂಚೆ ಬಟ್ಟೆ ವಿಷಯ ಕೇಳು," ಅಂದರು ಮಾವ. "ಯಾರ್ ಯಾರ್ ಮುಟ್ಟಿದಾರೆ, ಎಲ್ಲಿತ್ತು, ಎಲ್ಲಾ ಕೇಳು. ಅದು ಗೊತ್ತಿಲ್ದೆ ಬಿಟ್ರೆ ತಪ್ಪು ನಾಯೀದಲ್ಲ, ನಿಂದು."

ಇದನ್ನು ನನಗೆ ಅವರು ಒಂದು ಸಲವಲ್ಲ, ಇಪ್ಪತ್ತು ಸಲ ಹೇಳಿದ್ದಾರೆ. ಗೊತ್ತಿರಲಿಲ್ಲ ಎಂದು ನಾನು ಎಲ್ಲಿಯೂ ತಪ್ಪಿಸಿಕೊಳ್ಳುವ ಹಾಗಿಲ್ಲ.

ವರ್ಷ ತುಂಬುವುದರೊಳಗೆ ನಾಯಿ ಹುಲ್ಲಿನ ಮೆದೆಯಲ್ಲಿ ಬಿದ್ದಿದ್ದ ಕುಡುಗೋಲು ಹುಡುಕಿತು, ತೋಟದಲ್ಲಿ ಕಳೆದಿದ್ದ ಬೀಗದ ಕೈ ಹುಡುಕಿತು. ಟೀಚರಮ್ಮನ ಪೊಲೀಸ್ ನಾಯಿ ಎಂದು ಸುತ್ತ ನಾಲ್ಕು ಹಳ್ಳಿಯಲ್ಲಿ ಹೆಸರಾಯಿತು. ಹೆಸರು ಬಂದದ್ದು ನಾಯಿಗೆ, ತಲೆ ತಿರುಗಿದ್ದು ನನಗೆ.

ಊರಿನ ಬಟ್ಟೆ ಒಗೆಯುತ್ತಿದ್ದವಳು ಮಡಿವಾಳರ ಒಬ್ಬ ವಿಧವೆ. ಗಂಡ ಸತ್ತ ಮೇಲೆ ಅಷ್ಟೂ ಮನೆಗಳ ಗಂಟು ಒಬ್ಬಳೇ ಹೊತ್ತು ಕೆರೆಗೆ ಹೋಗುತ್ತಿದ್ದಳು. ಸಂಜೆ ಬುಟ್ಟಿ ಹಿಡಿದು ಮನೆ ಮನೆಯ ಮುಂದೆ ನಿಂತರೆ ಒಂದೊಂದು ಮುದ್ದೆ, ಒಂದಿಷ್ಟು ಸಾರು ಹಾಕುವುದು ಆ ಊರಿನ ಪದ್ಧತಿ. ನಮ್ಮ ಮನೆಯ ಮುಂದೆ ಬಂದಾಗ ಅವಳು ತನ್ನ ಬುಟ್ಟಿಯಿಂದಲೇ ಒಂದು ತುಣುಕು ಮುರಿದು ನಾಯಿಗೆ ಹಾಕುತ್ತಿದ್ದಳು. ಹಾಕಬೇಡ ಎಂದು ಮಾವ ಗದರಿದರೆ ನಗುತ್ತಿದ್ದಳು.

ಮಾವ ಮಗಳ ಮನೆಗೆಂದು ದೊಡ್ಡಬಳ್ಳಾಪುರಕ್ಕೆ ಹೋಗಿದ್ದಾಗ ಪಟೇಲರ ಮನೆಯಲ್ಲಿ ಕಾಸಿನ ಸರ ಕಾಣೆಯಾಯಿತು. ದೇವರ ಕೋಣೆಯ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದ ಸರ. ಪೆಟ್ಟಿಗೆ ಇದೆ, ಬಟ್ಟೆ ಇದೆ, ಸರ ಇಲ್ಲ. ಪಟೇಲರು ಆಳನ್ನು ಕಳಿಸದೆ ತಾವೇ ಸ್ಕೂಲಿನ ಬಾಗಿಲಿಗೆ ಬಂದು, "ಟೀಚರಮ್ಮ, ನಿಮ್ ನಾಯಿ ಕರ್ಕಂಡ್ ಬರ್ಬೇಕು," ಅಂದರು. ತಾವೇ ಬಂದರಲ್ಲ ಎಂದು ನಾನು ಉಬ್ಬಿಹೋದೆ. ಮಾವ ಬರಲಿ ಎಂದು ಒಂದು ವಾರ ಕಾಯಬಹುದಿತ್ತು. ಕಾಯಲಿಲ್ಲ.

ಆ ವಾರ ಮನೆಯೊಳಗೆ ಕಾಲಿಟ್ಟಿದ್ದ ಎಂಟು ಜನರನ್ನು ಪಟೇಲರು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದರು. ಆಳುಗಳು, ಬಳೆಗಾರ, ಹಾಲು ಕರೆಯುವವನು, ಒಗೆದ ಬಟ್ಟೆ ತಂದುಕೊಟ್ಟಿದ್ದ ಆ ಹೆಂಗಸು. ಸುತ್ತ ಊರಿಗೆ ಊರೇ ನೆರೆದಿತ್ತು. ಪಟೇಲರ ತಾಯಿ, ಎಂಬತ್ತರ ಹತ್ತಿರದ ಮುದುಕಿ, ಸರದ ಗುರುತು ಹೇಳಿದರು. ಒಂದು ಕಾಸಿನ ಕೊಂಡಿ ಮುರಿದಿತ್ತಂತೆ, ಅಲ್ಲಿ ಕರಿ ದಾರ ಕಟ್ಟಿದ್ದರಂತೆ. ಸರ ಸುತ್ತಿದ್ದ ಬಟ್ಟೆ ಕೊಡಿ ಅಂದೆ. ಕದ್ದವನ ಕೈ ಅದರ ಮೇಲೇ ಓಡಾಡಿರಬೇಕಲ್ಲ. ಮುದುಕಿ ಒಳಗೆ ಹೋಗಿ ಒಂದು ಬಿಳಿ ಬಟ್ಟೆ ತಂದುಕೊಟ್ಟರು.

ಬಟ್ಟೆ ಗರಿಗರಿಯಾಗಿತ್ತು. ಮಡಿಕೆ ನೀಟಾಗಿ ಎದ್ದು ಕಾಣುತ್ತಿತ್ತು. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಬಿದ್ದಿದ್ದ ಬಟ್ಟೆ ಹಾಗಿರುವುದಿಲ್ಲ ಎಂದು ನನಗೆ ಆಗಲೇ ಅನ್ನಿಸಿತು. ಅನ್ನಿಸಲಿಲ್ಲ ಎಂದು ಬರೆದುಕೊಂಡರೆ ನನಗೆ ಸಲೀಸು, ಆದರೆ ಅನ್ನಿಸಿತು. ಪಟೇಲರು ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರು, ಊರು ಕಾಯುತ್ತಿತ್ತು, ಆ ಮುದುಕಿಯನ್ನು ಎಲ್ಲರೆದುರು ಪ್ರಶ್ನೆ ಕೇಳುವುದು ಹೇಗೆಂದು ಬಾಯಿ ಮುಚ್ಚಿಕೊಂಡೆ. ಬಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ನಾಯಿಯ ಮೂಗಿಗೆ ಒಡ್ಡಿದೆ.

ನಾಯಿ ಸಾಲಿನಲ್ಲಿ ನಡೆದು, ಒಬ್ಬೊಬ್ಬರ ಕಾಲು ಮೂಸಿ, ಆ ಹೆಂಗಸಿನ ಮುಂದೆ ಕುಳಿತಿತು. ಬಾಲ ಅಲ್ಲಾಡಿಸುತ್ತಾ ನನ್ನ ಕಡೆ ನೋಡಿತು. ನಾನು ಯಾವಾಗಲೂ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದ ಕೊಬ್ಬರಿ ತೆಗೆದು ಅದರ ಬಾಯಿಗೆ ಇಟ್ಟೆ.

"ನಾಯ್ಗೆ ನನ್ ಗುರ್ತೈತೆ ಕಣವ್ವ," ಅಂದಳು ಅವಳು ನನಗೆ. "ದಿನಾ ಮುದ್ದೆ ಆಕ್ತೀನಿ, ಅದ್ಕೆ ಕೂತೈತೆ. ನೀವಾದ್ರೂ ಒಂದ್ ಮಾತು ಏಳಿ."

"ಎಂಟ್ ಜನ್ದಾಗೆ ನಿನ್ ಮುಂದೇ ಯಾಕ್ ಕೂತ್ಕಂತು?" ಅಂದರು ಪಟೇಲರು. "ನಾಯಿ ಸುಳ್ಳೇಳ್ತದಾ?"

ಊರು ತಲೆಯಾಡಿಸಿತು. ನಾನು ನಾಯಿಯ ಹಗ್ಗ ಹಿಡಿದು ಮನೆ ಕಡೆ ತಿರುಗಿದೆ.

ಅವಳ ಗುಡಿಸಲಿನ ಮಡಕೆ ಕುಡಿಕೆ ಒಡೆದು ಹುಡುಕಿದರು. ಏನೂ ಸಿಗಲಿಲ್ಲ. ಸಿಗದಿದ್ದರೆ ಅವಳು ಕದ್ದಿಲ್ಲ ಎಂದಲ್ಲ, ಆಗಲೇ ಸಾಗಿಸಿದ್ದಾಳೆ ಎಂದು ಅರ್ಥ ಮಾಡಿದರು. ಮಾರನೇ ದಿನದಿಂದ ಯಾರೂ ಅವಳಿಗೆ ಬಟ್ಟೆ ಹಾಕಲಿಲ್ಲ, ಸಂಜೆ ಅವಳು ಬುಟ್ಟಿ ಹಿಡಿದು ನಿಂತರೆ ಬಾಗಿಲು ತೆರೆಯಲಿಲ್ಲ. ಐದನೇ ದಿನ ಗಂಟು ಕಟ್ಟಿಕೊಂಡು ಊರು ಬಿಟ್ಟಳು. ನಮ್ಮ ಮನೆಯ ಮುಂದೆ ಹಾದು ಹೋಗುವಾಗ ನಾಯಿ ಬಾಲ ಅಲ್ಲಾಡಿಸುತ್ತಾ ಅವಳ ಹಿಂದೆ ಓಡಿತು. ಬುಟ್ಟಿಯಲ್ಲಿ ಹಾಕಲು ಏನೂ ಇರಲಿಲ್ಲ.

ಮಾವ ಬಂದವರೇ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು. "ಬಟ್ಟೆ ಯಾರ್ ಮುಟ್ಟಿದ್ರು?"

ಗೊತ್ತಿಲ್ಲ ಅಂದೆ. ಮಾವ ಅವತ್ತು ನನ್ನ ಕೈಯಿಂದ ಊಟ ಮಾಡಲಿಲ್ಲ.

ಮರುದಿನ ಬಾವಿಯ ಹತ್ತಿರ ಪಟೇಲರ ಸೊಸೆಯನ್ನು ಹಿಡಿದು ಕೇಳಿದೆ. ಅವಳು ಹಿಂದೆ ಮುಂದೆ ನೋಡಿ ಪಿಸುಗುಟ್ಟಿದಳು. "ಸರ ಸುತ್ತಿದ್ದು ಮನೆದೇವ್ರ ರೇಷ್ಮೆ ಬಟ್ಟೆ ಕಣಕ್ಕ, ಮೀಸ್ಲು. ಅದ್ನ ನಾಯಿ ಮೂಸ್ಬುಟ್ರೆ ಎಂಗೆ? ಬಟ್ಟೆ ಬಟ್ಟೇನೇ ಅಲ್ವಾ ಅಂತ ನಮ್ಮಜ್ಜಿ ಒಗ್ದು ಬಂದಿದ್ ಗಂಟಿಂದ ಒಂದ್ ತಗ್ದು ಕೊಟ್ರು."

ಅಂದರೆ ನಾಯಿಗೆ ಕೊಟ್ಟದ್ದು ಆ ಹೆಂಗಸು ಒಗೆದು, ಹಿಂಡಿ, ಒಣಗಿಸಿ, ತನ್ನ ಕೈಯಲ್ಲೇ ಮಡಿಸಿ ತಂದಿದ್ದ ಬಟ್ಟೆ. ಇದನ್ನು ಮುಟ್ಟಿದವರು ಯಾರು ಎಂದು ನಾವು ಕೇಳಿದೆವು, ಇವಳು ಎಂದು ಅದು ಹೇಳಿತು. ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿತು. ನಾಯಿಯ ಮೂಗು ತಾಗಿದರೆ ದೇವರ ಬಟ್ಟೆಗೆ ಮೈಲಿಗೆ. ಒಬ್ಬ ಹೆಂಗಸಿನ ಮಾನವನ್ನು ಬೀದಿಯಲ್ಲಿ ಎಳೆದಾಡಿದರೆ ಯಾವ ಮೈಲಿಗೆಯೂ ಇಲ್ಲ. ಅಂಥ ಮಡಿಗೆ ಬೆಂಕಿ ಬೀಳಲಿ ಎಂದು ಬಾವಿಕಟ್ಟೆಯಲ್ಲೇ ಗಟ್ಟಿಯಾಗಿ ಅಂದೆ. ಸೊಸೆ ಹೆದರಿ ಬಿಂದಿಗೆ ಬಿಟ್ಟು ಹೋದಳು.

ನೇರ ಪಟೇಲರ ಜಗಲಿಗೆ ಹೋದೆ. ಬಟ್ಟೆಯ ವಿಷಯ ಬಿಡಿಸಿ ಹೇಳಿದೆ. ಅವರು ಎಲೆ ಅಡಿಕೆ ಮಡಿಸುತ್ತಾ ಕೇಳಿದರು.

"ಸರಿ, ಅವ್ಳು ತಗೀನಿಲ್ಲ ಅನ್ನಿ. ಸರ ಎಲ್ಲೋಯ್ತು ಮತ್ತೆ?"

"ಅದು ನನಗೆ ಗೊತ್ತಿಲ್ಲ ಪಟೇಲ್ರೇ. ಅವಳು ಕದ್ದಳು ಅಂತ ನಾಯಿ ಹೇಳಿಲ್ಲ. ಅಷ್ಟನ್ನ ಊರಿಗೆ ಹೇಳಿ ಸಾಕು."

"ನಾಯಿ ನಿಮ್ದು. ಕೊಬ್ರಿ ಕೊಟ್ಟೋರೂ ನೀವೇ," ಅಂದರು ಅವರು. "ನಾವೇನ್ ಏಳಾದು?"

ಜಗಲಿ ಇಳಿದು ಬಂದೆ.

ನಾಲ್ಕು ತಿಂಗಳ ಮೇಲೆ ಪಟೇಲರ ಮನೆಯಲ್ಲಿ ಮದುವೆ. ಎಲೆಯ ಮುಂದೆ ಕುಳಿತಿದ್ದೆ. ಬಡಿಸಲು ಬಗ್ಗಿದ ಸೊಸೆಯ ಕೊರಳಲ್ಲಿ ಕಾಸಿನ ಸರ ಜೋಲಾಡಿತು. ಒಂದು ಕಾಸಿನ ಹತ್ತಿರ ಕರಿ ದಾರ. ಅದನ್ನು ಮುಚ್ಚಿಟ್ಟುಕೊಳ್ಳಬೇಕು ಎಂದು ಕೂಡ ಆ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಎಂಜಲು ಕೈಯಲ್ಲೇ ಎದ್ದು ಹೋಗಿ ಪಟೇಲರನ್ನು ಕೇಳಿದೆ.

"ಓ, ಅದಾ," ಅಂದರು. "ರಾಗಿ ತುಂಬೋ ಮಣ್ಣಿನ್ ವಾಡೇಲಿತ್ತು. ನಮ್ಮವ್ವ ತಾನೇ ಅದ್ರೊಳಗೆ ಬಚ್ಚಿಟ್ಟು ಮರ್ತೋಗಿದ್ಲು. ವಯಸ್ಸಾಯ್ತಲ್ಲ."

"ಹಾಗಾದ್ರೆ ಈಗ್ಲಾದ್ರೂ ಎಲ್ಲರಿಗೂ ಹೇಳಿ. ಊರೆಲ್ಲ ಇಲ್ಲೇ ಇದೆ."

"ಮದ್ವೆ ಮನೇಲಿ ಯಾಕವ್ವ ಆ ಮಾತು? ಓಗಿ, ಊಟ ಮಾಡಿ, ಪಾಯ್ಸ ಬರ್ತೈತೆ."

ಊಟ ಬಿಟ್ಟು ಬಂದೆ. ಆ ಇಡೀ ವಾರ ಸ್ಕೂಲಿನ ಮಕ್ಕಳ ಮೇಲೆಲ್ಲ ಹಾರಾಡಿದೆ. ಇದನ್ನು ಎಲ್ಲಾದರೂ, ಯಾರ ಮುಂದಾದರೂ ಗಟ್ಟಿಯಾಗಿ ಹೇಳದೆ ಇದ್ದರೆ ನನಗೆ ಉಸಿರು ಕಟ್ಟುತ್ತದೆ ಅನ್ನಿಸುತ್ತಿತ್ತು. ಅವಳು ಯಶವಂತಪುರದಲ್ಲಿ ತಂಗಿಯ ಮನೆಯಲ್ಲಿದ್ದಾಳೆ, ಅಲ್ಲೇ ಬಟ್ಟೆ ಒಗೆಯುತ್ತಾಳೆ ಎಂದು ಬಳೆಗಾರ ಹೇಳಿದ. ಭಾನುವಾರ ಹೊರಟೆ. ನಾಯಿಯನ್ನೂ ಕರೆದುಕೊಂಡೆ.

"ನಾಯಿ ಯಾಕೆ?" ಅಂದರು ಮಾವ. "ಒಬ್ಬಳೇ ಹೋಗಿ ಬಾ."

ಕೇಳಲಿಲ್ಲ. ಅವಳನ್ನು ಕಳ್ಳಿ ಮಾಡಿದ ನಾಯಿಯೇ ಅವಳ ಕಾಲಿನ ಹತ್ತಿರ ಹೋಗಿ ನಿಲ್ಲಬೇಕು, ನಾನು ಕ್ಷಮೆ ಕೇಳಬೇಕು ಎಂದು ಮನಸ್ಸಿನಲ್ಲೇ ದೊಡ್ಡ ನಾಟಕ ಕಟ್ಟಿಕೊಂಡಿದ್ದೆ. ಬಸ್ಸಿನಲ್ಲಿ ನಾಯಿ ಹತ್ತಿಸಿಕೊಳ್ಳುವುದಿಲ್ಲ, ಮತ್ತಿಕೆರೆಯ ಮೇಲೆ ನಡೆದುಕೊಂಡೇ ಹೋದೆ. ಬಿಸಿಲೇರಿತ್ತು. ರೈಲ್ವೆ ಹಳಿಯ ಆಚೆ ಒಂದು ನೀರಿನ ಕುಂಟೆ, ಸುತ್ತ ಕಲ್ಲುಗಳು, ಇಪ್ಪತ್ತು ಮೂವತ್ತು ಜನ ಬಟ್ಟೆ ಬಡಿಯುತ್ತಿದ್ದರು. ಅವಳು ಎಲ್ಲಿದ್ದಾಳೆಂದು ನಾನಿನ್ನೂ ಕಣ್ಣಾಡಿಸುತ್ತಿರುವಾಗ ನಾಯಿ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡಿತು. ಕಲ್ಲುಗಳ ನಡುವೆ ನುಗ್ಗಿ ಹೋಗಿ ಅವಳ ಮುಂದೆ ಕುಳಿತಿತು. ಬಾಲ ಅಲ್ಲಾಡಿಸುತ್ತಾ ನನ್ನ ಕಡೆ ನೋಡಿತು.

ಅಕ್ಕಪಕ್ಕದವರ ಕೈಗಳು ನಿಂತವು. ಅವಳು ಮೊದಲು ನಾಯಿಯನ್ನು ನೋಡಿದಳು, ಆಮೇಲೆ ನನ್ನನ್ನು. ಕೈಯಲ್ಲಿದ್ದ ಪಂಚೆ ನೀರಿಗೆ ಬಿತ್ತು. ಆ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಪಟೇಲರ ಅಂಗಳದಲ್ಲಿ ಆಡಬೇಕಿದ್ದ ಮಾತನ್ನು, ತಿಂಗಳುಗಟ್ಟಲೆ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತನ್ನು, ಎಲ್ಲರಿಗೂ ಕೇಳಿಸುವ ಹಾಗೆ ಸ್ಕೂಲಿನ ದನಿಯಲ್ಲಿ ಹೇಳಿದೆ.

"ಈಯಮ್ಮ ಕಳ್ಳಿ ಅಲ್ಲ. ಆ ಸರ ಸಿಕ್ತು. ಪಟೇಲರ ಮನೇಲೇ ಇತ್ತು. ಈಯಮ್ಮ ಏನೂ ಕದ್ದಿಲ್ಲ."

ಆಚೆ ಕಲ್ಲಿನ ಹತ್ತಿರ ಒಬ್ಬಳು ಪಕ್ಕದವಳನ್ನು ಮೆಲ್ಲಗೆ ಕೇಳಿದಳು, "ಯಾವ್ ಸರ?" ಪಕ್ಕದವಳು ಗೊತ್ತಿಲ್ಲ ಎಂದು ತಲೆಯಾಡಿಸಿ, ಆ ಹೆಂಗಸನ್ನು ಮೇಲಿಂದ ಕೆಳಗೆ ನೋಡಿದಳು. ಒಗೆಯಲು ತಂದಿದ್ದ ತನ್ನ ಗಂಟನ್ನು ಇನ್ನೊಬ್ಬಳು ಹತ್ತಿರಕ್ಕೆ ಎಳೆದುಕೊಂಡಳು.

ಅವಳು ಸೆರಗಿಗೆ ಕೈ ಒರೆಸಿಕೊಂಡು ನನ್ನ ಹತ್ತಿರ ಬಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಇಲ್ಲಿ ಯಾರ್ಗೂ ಗೊತ್ತಿರ್ನಿಲ್ಲ ಕಣವ್ವ," ಅಂದಳು. "ನಾಯಿ ಕರ್ಕಂಡ್ ಓಗಿ."

ನಾಯಿಯ ಹತ್ತಿರ ಹೋಗಿ ಹಗ್ಗ ಹಿಡಿದು ಎಳೆದೆ. ನಾಯಿ ಏಳಲಿಲ್ಲ. ಇನ್ನೂ ಜೋರಾಗಿ ಎಳೆದೆ. ಅದು ನೆಲಕ್ಕೆ ಕಾಲೂರಿ, ಅವಳು ನಿಂತಿದ್ದ ಜಾಗದ ಮುಂದೆಯೇ ಕುಳಿತು, ನನ್ನ ಸೊಂಟವನ್ನೇ ನೋಡುತ್ತಿತ್ತು. ಕೊಡುವವರೆಗೆ ಏಳಬಾರದೆಂದು ಅದಕ್ಕೆ ಕಲಿಸಿದ್ದವಳು ನಾನು. ಕೊನೆಗೆ ಅಷ್ಟೂ ಜನರ ಕಣ್ಣೆದುರು, ಎರಡನೇ ಸಲ, ಸೊಂಟದಿಂದ ಕೊಬ್ಬರಿ ತೆಗೆದು ಅದರ ಬಾಯಿಗೆ ಇಟ್ಟೆ.