ಹಡ್ಸನ್ ದಾಟಿದ ಮಡಿ ರೊಕ್ಕ

ನ್ಯೂಜೆರ್ಸಿಯ ಎಡಿಸನ್ನಿನಿಂದ ಮ್ಯಾನ್‌ಹಟನ್‌ವರೆಗೆ ತೆರಿಗೆಯ ವಿಷಯದಲ್ಲಿ ರಾಣೆಬೆನ್ನೂರಿನ ಮುರುಗೆಪ್ಪನನ್ನು ಮೀರಿಸುವವರು ಇನ್ನೂ ಹುಟ್ಟಿರಲಿಲ್ಲ. ಹೀಗೆಂದವನು ಮುರುಗೆಪ್ಪನೇ. ನಾನು ಸೇರಿಸಿದ್ದು ಇಷ್ಟೇ: ಏಪ್ರಿಲ್ ಬಂತೆಂದರೆ ಹಡ್ಸನ್ ನದಿಯ ಮೀನುಗಳೂ ದಡಕ್ಕೆ ಬಂದು ಅವನ ಸಲಹೆ ಕೇಳುತ್ತಿದ್ದವು.

ಅದು ಎರಡು ಸಾವಿರದ ಇಸವಿ. ಬೆಳಗಿನ ರೈಲಿನಲ್ಲಿ ನಮ್ಮ ಹುಡುಗರೆಲ್ಲ ಡಾಟ್‌ಕಾಮ್ ಷೇರುಗಳ ಜಪ ಮಾಡುತ್ತಿದ್ದರೆ, ಹಳೆಯ ಕೋಬಾಲ್ ಪ್ರೋಗ್ರಾಮುಗಳನ್ನು ರಿಪೇರಿ ಮಾಡುವ ಮುರುಗೆಪ್ಪ ಮಾತ್ರ ನ್ಯೂಯಾರ್ಕ್ ರಾಜ್ಯದ ಬಾಂಡುಗಳ ಫಂಡೊಂದನ್ನು ಹೊಗಳುತ್ತಿದ್ದ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಬಾಡಿಗೆಗಿದ್ದಾಗ ಕೊಂಡದ್ದು. ಅದರ ಡಿವಿಡೆಂಡಿಗೆ ತೆರಿಗೆಯಿಲ್ಲ. ‘ಟ್ಯಾಕ್ಸ್ ಎಕ್ಸೆಂಪ್ಟ್’ ಎಂಬುದನ್ನು ಅವನು ಕನ್ನಡಕ್ಕೆ ಒಂದೇ ಪದದಲ್ಲಿ ಇಳಿಸಿದ್ದ: ಮಡಿ.

“ಮಡಿ ರೊಕ್ಕರೀ ಇದು. ಯಾವ ಸರ್ಕಾರನೂ ಮುಟ್ಟಂಗಿಲ್ಲ!”

ಹಿಂದಿನ ವರ್ಷ ಎಡಿಸನ್ನಿಗೆ ಮನೆ ಬದಲಿಸಿದ ಮೇಲೂ ಅದೇ ಉಪದೇಶ. ಅದನ್ನು ನಂಬಿ ಎಡಿಸನ್ನಿನವರೇ ಆದ ರಾಕೇಶ್, ನಿರುಪಮಾ ಇಬ್ಬರೂ ಅದೇ ಫಂಡು ಕೊಂಡರು.

ತೆರಿಗೆ ರಿಟರ್ನ್ ಕಳಿಸಲು ಕೊನೆಯ ದಿನವಾಗಿದ್ದ ಏಪ್ರಿಲ್ಲಿನ ಆ ಸೋಮವಾರ ನಮ್ಮ ರೈಲು ಎರಡೂ ರಾಜ್ಯಗಳ ನಡುವಿನ ಹಡ್ಸನ್ ನದಿಯ ಕೆಳಗಿನ ಸುರಂಗದಲ್ಲಿ ನಿಂತುಬಿಟ್ಟಿತು. ದೀಪ ಮಂಕಾಯಿತು, ಗಾಳಿ ನಿಂತಿತು. ಎದುರಿಗಿದ್ದ ಮುರುಗೆಪ್ಪ ಬೆವರಿದ ರಭಸಕ್ಕೆ ನದಿಯೇ ಒಳಗೆ ನುಗ್ಗಿತೆಂದು ನಾನು ಕಾಲು ಮೇಲೆತ್ತಿಕೊಂಡೆ.

ರಾಕೇಶ್ ಅಂಟಿಸಿದ ಲಕೋಟೆಯಿಂದ ಗಾಳಿ ಬೀಸಿಕೊಳ್ಳುತ್ತಾ, “ನೀವು ಹೇಳಿದ ಹಾಗೇ ಮಾಡಿದೀನಿ ಅಂಕಲ್. ನ್ಯೂಜೆರ್ಸಿ ರಿಟರ್ನ್‌ನಲ್ಲಿ ಆ ಡಿವಿಡೆಂಡ್ ತೋರಿಸೇ ಇಲ್ಲ. ಇಳಿದ ತಕ್ಷಣ ಪೋಸ್ಟ್ ಮಾಡ್ತೀನಿ,” ಎಂದ.

“ನಂದೂ ರೆಡಿ,” ಎಂದಳು ನಿರುಪಮಾ.

ಮುರುಗೆಪ್ಪ ಬಾಗಿಲ ಕಡೆ ನೋಡಿದ. ಹೊರಗೆ ಗೋಡೆ, ಅದರ ಮೇಲೆ ನದಿ. ಹಿಂದಿನ ಸಂಜೆ ತನ್ನ ಮೊದಲ ನ್ಯೂಜೆರ್ಸಿ ರಿಟರ್ನ್ ತುಂಬುವಾಗ ಅವನಿಗೆ ಸತ್ಯ ತಿಳಿದಿತ್ತು: ಫೆಡರಲ್ ಸರ್ಕಾರ ತೆರಿಗೆ ಬಿಟ್ಟರೂ ಪಕ್ಕದ ರಾಜ್ಯದ ಬಾಂಡಿನ ಆದಾಯವನ್ನು ನ್ಯೂಜೆರ್ಸಿ ಬಿಡುವುದಿಲ್ಲ. ಈಗ ಸುಮ್ಮನಿದ್ದರೆ ಇಬ್ಬರೂ ಸುಳ್ಳು ಲೆಕ್ಕ ಕೊಟ್ಟವರಾಗುತ್ತಾರೆ; ಬಾಯಿಬಿಟ್ಟರೆ ಅವನ ಪಾಂಡಿತ್ಯಕ್ಕೆ ಇಲ್ಲೇ ಸಮಾಧಿ. ಎದ್ದು ಓಡೋಣವೆಂದರೆ ಇರುವೆ ಮಗ್ಗಲು ಬದಲಿಸಲೂ ಜಾಗವಿಲ್ಲ.

“ಯಾಕಯ್ಯಾ, ಎದೆನೋವಾ?” ಎಂದೆ.

“ಎದಿನೋವಾಗಿದ್ರ ಛಲೋ ಇತ್ತ್ರೀ.” ಅವರಿಬ್ಬರತ್ತ ತಿರುಗಿದ. “ಕಳಿಸಬ್ಯಾಡ್ರೋ. ನಾ ತಪ್ಪು ಹೇಳೀನಿ. ಅದು ನ್ಯೂಯಾರ್ಕಿನಾಗ ಇರೋರಿಗಷ್ಟ ಮಡಿ. ಹೊಳಿ ಈಚಿ ದಂಡಿಗೆ ಮೈಲಿಗಿ. ನ್ಯೂಜೆರ್ಸಿಗೆ ತೋರಿಸಬೇಕು, ಟ್ಯಾಕ್ಸ್ ಕಟ್ಟಬೇಕು.”

ಎದ್ದ ನಗುವಿಗೆ ಬೋಗಿ ಅಲುಗಿತು. ರೈಲು ಹೊರಟಿತೆಂದು ಪಕ್ಕದ ಯಾರೋ ಇಬ್ಬರು ಕೋಟು ಹಾಕಿಕೊಂಡರು.

“ಮಡಿ ಅಂಕಲ್, ಈಗ ನದಿ ಕೆಳಗೇ ಇದೀವಲ್ಲ, ಇಲ್ಲಿ ಯಾವ ಲೆಕ್ಕ?” ಎಂದಳು ನಿರುಪಮಾ.

“ಇನ್ಮೇಲೆ ನಿಮ್ಮ ಮಾತು ಕೇಳಿದ್ರೆ ಕೇಳಿ!” ರಾಕೇಶ್ ಮುಖ ತಿರುಗಿಸಿ ಏಳಹೋದ.

ಮುರುಗೆಪ್ಪ ಕನ್ನಡಕ ಒರೆಸಿ ಹಾಕಿಕೊಂಡ. “ನಾಳಿಂದ ಕೇಳಬ್ಯಾಡಪಾ. ಈಗ ಎದ್ದು ಎಲ್ಲಿಗೆ ಹೊಂಟಿ? ಲಕೋಟಿ ಹರಿ, ಪೆನ್ ತಗಿ.”