ಎಲೆ ತೋಟದಲ್ಲಿ ಕಟ್ಟಿದ ಒಡಪು

ನಮ್ಮ ಕಾಲಕ್ಕೆ ಹನಿಮೂನ್ ಅನ್ನುವುದು ಹಿರೇಕೆರೂರಿನ ತನಕ ಬಂದಿರಲಿಲ್ಲ. ನಮಗಿದ್ದದ್ದು ಹೋಳಿಗೆ. ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿಯನ್ನು ನೆಂಟರು ಊಟಕ್ಕೆ ಕರೆಯುತ್ತಿದ್ದರು. ಹೋಗದಿದ್ದರೆ ಸಿಟ್ಟು, ಹೋಗಿ ಕಡಿಮೆ ಉಂಡರೆ ಇನ್ನೂ ಸಿಟ್ಟು. ನನ್ನ ಮದುವೆ ಐವತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಹಿರೇಕೆರೂರಿನ ನಮ್ಮ ಮನೆಯ ಅಂಗಳದಲ್ಲಿ ಆಯಿತು. ಗಂಡನ ಮನೆ ಶಿಗ್ಗಾವಿ. ಸೊಸೆಯನ್ನು ಮನೆ ತುಂಬಿಸಿಕೊಳ್ಳುವುದಕ್ಕೆ ಒಳ್ಳೆಯ ದಿನ ಅಮಾವಾಸ್ಯೆ ಕಳೆದ ಮೇಲೆಯೇ ಎಂದು ಹಿರಿಯರು ಹೇಳಿದರು. ಅಲ್ಲಿಯವರೆಗೆ ನೆಂಟರ ಮನೆಗಳನ್ನು ಮುಗಿಸಿಕೊಂಡು ಬರಲಿ ಎಂದು ನಮ್ಮನ್ನು ಬಸ್ಸು ಹತ್ತಿಸಿದರು. ಜೊತೆಗೆ ಕಾವಲಿಗೆ ನನ್ನ ನಾದಿನಿ, ಅಂದರೆ ನಮ್ಮವರ ಅಕ್ಕ.

ನನ್ನ ಚಿಂತೆಯೇ ಬೇರೆ. ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಧಾರವಾಡಕ್ಕೆ ಹೋಗಿ ಟ್ರೇನಿಂಗ್ ಮುಗಿಸಿದರೆ ಕನ್ನಡ ಶಾಲೆಯಲ್ಲಿ ಅಕ್ಕೋರಾಗಬಹುದಿತ್ತು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸಿಗೆ ಹಾಗೆನ್ನುವುದು. ಮಳೆಗಾಲ ಹಿಡಿಯುವ ಹೊತ್ತಿಗೆ ಸೇರಬೇಕು. ಅಪ್ಪನನ್ನು ಕೇಳಿದರೆ, "ಇನ್ನ ನನ್ನ ಕೇಳಬ್ಯಾಡವಾ, ನಿನ್ನ ಗಂಡನ್ನ ಕೇಳು," ಎಂದು ತಲೆಗೆ ಸುತ್ತುವ ಪಟಗ ಕೊಡವಿ ಎದ್ದುಬಿಟ್ಟ. ಗಂಡನ ಮನೆಯ ಹೊಸ್ತಿಲು ದಾಟಿ ಒಲೆಯ ಮುಂದೆ ಕುಳಿತ ಮೇಲೆ ಕೇಳುವುದೆಲ್ಲಿ ಬಂತು? ದಾಟುವ ಮುಂಚೆಯೇ ಕೇಳಬೇಕು.

ಆದರೆ ಹಿರಿಯರ ಮುಂದೆ ಗಂಡನ ಜೊತೆ ಬಾಯಿ ಬಿಡುವಂತಿರಲಿಲ್ಲ. ರಟ್ಟೀಹಳ್ಳಿಯಲ್ಲಿ ಅವರು ಪಡಸಾಲೆಯಲ್ಲಿ, ನಾನು ಅಡುಗೆಮನೆಯಲ್ಲಿ. ಹಾನಗಲ್ಲಿನಲ್ಲೂ ಅದೇ ಕಥೆ. ಬಸ್ಸಿನಲ್ಲಿ ನಡುವೆ ನಾದಿನಿ, ಗೋಡೆ ಎಬ್ಬಿಸಿದ ಹಾಗೆ. ಅವರ ದನಿ ನನ್ನ ಕಿವಿಗೆ ಬೀಳುತ್ತಿದ್ದದ್ದು "ಸಾಕ್ರಿ, ಇನ್ನ ಬ್ಯಾಡ್ರಿ" ಅನ್ನುವಾಗ ಮಾತ್ರ. ಬ್ಯಾಡ ಅಂದರೂ ಇನ್ನೊಂದು ಹೋಳಿಗೆ ಬೀಳುತ್ತಿತ್ತು, ಅದರ ಮೇಲೆ ತುಪ್ಪ. ಪಾಪದ ಮನುಷ್ಯ, ಒಬ್ಬರಿಗೂ ಎದುರಾಡದೆ ತಿನ್ನುತ್ತಿದ್ದರು. ಇಂಥ ಗಂಡನಿಂದ ನನ್ನ ಕೆಲಸ ಆದೀತೇ ಎಂದು ನನಗೆ ಒಳಗೊಳಗೇ ಸಿಟ್ಟು.

ಕೊನೆಯ ಮನೆ ಸವಣೂರಿನದು, ಅವರ ಸೋದರತ್ತೆಯ ವೀಳ್ಯದೆಲೆ ತೋಟ. ಹೊರಗೆ ನೆಲ ಕಾದ ಹಂಚಾಗಿತ್ತು. ಬೇಲಿಯ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಒದ್ದೆ ಮಣ್ಣು, ತಂಪು. ಎಲೆಬಳ್ಳಿಗಳು ಮರಕ್ಕೆ ಹಬ್ಬಿ ಬಿಸಿಲನ್ನೇ ಒಳಗೆ ಬಿಡುತ್ತಿರಲಿಲ್ಲ. ಸುತ್ತ ತೆಂಗು, ಬಾಳೆ. ಕಾಲುವೆಯಲ್ಲಿ ನೀರಿನ ಸದ್ದು. ಈಗಿನವರು ದುಡ್ಡು ಕೊಟ್ಟು ಹುಡುಕಿಕೊಂಡು ಹೋಗುವ ಸುಖ ಅದು. ನಮಗೆ ಅತ್ತೆ ಹಾಗೇ ಕೊಟ್ಟಳು.

ಹೋಳಿಗೆ ತಿಂದು ಹೊಟ್ಟೆ ಕೆಟ್ಟು ಬಾಡಿದ್ದ ನಮ್ಮವರ ಮುಖ ನೋಡಿದ್ದೇ ಅತ್ತೆ ನಾದಿನಿಯನ್ನು ತರಾಟೆಗೆ ತೆಗೆದುಕೊಂಡಳು. "ಉಣಿಸಿ ಉಣಿಸಿ ಹುಡುಗನ್ನ ಕೊಲ್ಲಾಕ ನಿಂತೀರೇನು? ನನ್ನ ತೋಟದಾಗ ಹೋಳಿಗಿ ಹೆಸರ ಎತ್ತಬ್ಯಾಡ್ರಿ."

ಅವರಿಗೆ ಮಜ್ಜಿಗೆ, ಅಂಬಲಿ, ಎಳನೀರು. ತೆಂಗಿನ ನೆರಳಿನಲ್ಲಿ ಹೊರಸು ಹಾಕಿ ಮಲಗಿಸಿದಳು. ನಾನು ಗುಡಿಸಲ ಕಟ್ಟೆಯ ಮೇಲೆ. ಅಷ್ಟು ಹತ್ತಿರವಿದ್ದರೂ ನಡುವೆ ಮತ್ತೆ ನಾದಿನಿ.

ಆ ಸಂಜೆ ಸುತ್ತಲಿನ ಹೆಂಗಸರು ಮದುಮಗಳನ್ನು ನೋಡಲು ಬಂದರು. ಬಂದವರು ಒಡಪು ಕೇಳದೆ ಬಿಡುತ್ತಾರೆಯೇ? ಗಂಡನ ಹೆಸರನ್ನು ಸುಮ್ಮನೆ ಹೇಳುವಂತಿಲ್ಲ. ಪ್ರಾಸ ಕಟ್ಟಿ, ಅದರೊಳಗೆ ಹೆಸರಿಟ್ಟು ಹೇಳಬೇಕು. ಅದೇ ಒಡಪು. ಪ್ರತಿ ಮನೆಯಲ್ಲೂ ನಾನು ಅವ್ವ ಕಲಿಸಿದ್ದೊಂದನ್ನೇ ಗಿಳಿಯ ಹಾಗೆ ಒಪ್ಪಿಸಿದ್ದೆ. ಪಕ್ಕದ ತೋಟದ ಸಾಹೇಬರ ಹೆಂಡತಿ ಎಲೆಗೆ ಸುಣ್ಣ ಹಚ್ಚುತ್ತ, "ಹಳೇದು ಬ್ಯಾಡವಾ, ನಿನ್ನ ಸ್ವಂತದ್ದು ಹೇಳು," ಅಂದಳು.

ನನಗೆ ಎಲ್ಲಿಂದ ಧೈರ್ಯ ಬಂತೋ. ಹೊರಸಿನವರೆಗೆ ಕೇಳುವಂತೆ ಹೇಳಿಬಿಟ್ಟೆ:

"ಎಲಿಬಳ್ಳಿಗೆ ನೀರು ಬೇಕು, ಪಾಟಿಗೆ ಬಳಪ ಬೇಕು;
ಸಾಲಿ ಅಕ್ಕೋರಾಗಾಕ ನನಗ ಇವರ ಒಪ್ಪಿಗಿ ಬೇಕು."

"ಇವರ" ಎಂದು ಬರೆದಲ್ಲಿ ಅವರ ಹೆಸರಿತ್ತು. ಇಲ್ಲಿ ಬರೆಯಲು ಈಗಲೂ ನಾಚಿಕೆ.

ನಾದಿನಿಯ ಮುಖ ಬಿಗಿಯಿತು. ಸಾಹೇಬರ ಹೆಂಡತಿ "ಶಾಬಾಸ್" ಅಂದಳು. ಹೊರಸಿನ ಮೇಲಿನವರು ಮಿಸುಕಲಿಲ್ಲ. ನನಗೆ ಅಳು ಒತ್ತರಿಸಿ ಬಂತು.

ಮರುದಿನ ಬೆಳಿಗ್ಗೆ ಅತ್ತೆ ನಾದಿನಿಯ ಮುಂದೆ ಒಂದು ಬುಟ್ಟಿ ಎಲೆ ಸುರಿದು, "ಜೋಡಿಸಿ ಕಟ್ಟು ಕಟ್ಟವಾ, ನಿನ್ನ ಕೈ ಚಲೋ ಐತಿ," ಅಂದಳು. ನಮ್ಮಿಬ್ಬರನ್ನು ಕಾಲುವೆಯ ನೀರು ತಿರುಗಿಸಲು ಕಳಿಸಿದಳು. ಬಳ್ಳಿಗಳ ನಡುವೆ ಅವರು ಸಲಿಕೆ ಹಿಡಿದು ಮುಂದೆ, ನಾನು ಹಿಂದೆ. ನೀರು ಎರಡು ಸಾಲು ತುಂಬಿದ ಮೇಲೆ ಬಾಯಿ ಬಿಟ್ಟರು.

"ನಿನ್ನಿ ನೀ ಅಂದದ್ದು ಕೇಳ್ತು."

"ಕೇಳ್ಲಿ ಅಂತನ ಅಂದೇನ್ರಿ."

"ನನಗೇನೂ ಅಡ್ಡಿ ಇಲ್ಲ. ಆದ್ರ ಅವ್ವಗ ಹೆಂಗ ಹೇಳ್ಲಿ? ಅಕಿ ಮುಂದ ನಿಂತ್ರ ನನಗ ಮಾತ ಹೊಂಡೂದಿಲ್ಲ."

ಗಂಡನ ಮೊದಲ ಮಾತು ಇದು. ಅಡ್ಡಿ ಇಲ್ಲ ಎಂದದ್ದಕ್ಕೆ ಸಂತೋಷಪಡಲೋ, ಮಾತು ಹೊರಡುವುದಿಲ್ಲ ಎಂದದ್ದಕ್ಕೆ ಹಣೆ ಚಚ್ಚಿಕೊಳ್ಳಲೋ? ಬದುವಿನ ಮೇಲೆ ನಿಂತಿದ್ದ ಅತ್ತೆ ಎಲ್ಲ ಕೇಳಿಸಿಕೊಂಡಿದ್ದಳು. "ಬಾಯಿದ್ದಾವ ಬರಗಾಲದಾಗೂ ಬದುಕ್ತಾನ," ಅಂದಳು. "ಎದುರಿಗೆ ಹೇಳಾಕ ಆಗದಿದ್ರ, ಮನಿ ತುಂಬೂ ಹೊತ್ತಿನ್ಯಾಗ ನೀನೂ ಒಡಪು ಹೇಳಬೇಕಲ್ಲ, ಅದರಾಗ ಹೇಳೋ ತಮ್ಮಾ. ಆರತಿ ತಾಟು ಹಿಡದಾಕಿ ಹೊಸ್ತಿಲದಾಗ ಇಲ್ಲಾ ಅನ್ನೂದಿಲ್ಲ. ಅನ್ನಬಾರದು."

ಅವರು ತಲೆ ತಗ್ಗಿಸಿಕೊಂಡು ಮುಂದಿನ ಸಾಲಿಗೆ ನೀರು ತಿರುಗಿಸಿದರು. ಅತ್ತೆಯ ಮಾತು ಅವರ ತಲೆಗೆ ಹೋಯಿತೋ, ನೀರಿನ ಜೊತೆ ಹರಿದು ಹೋಯಿತೋ ನನಗೆ ತಿಳಿಯಲಿಲ್ಲ.

ಉಳಿದ ದಿನಗಳು ಹಗುರಾಗಿದ್ದವು. ಬಾಳೆಯ ಮರೆಯಲ್ಲಿ ಕುಳಿತು ಎಳನೀರು ಕುಡಿದೆವು. ಅವರು ನಗುತ್ತಾರೆ ಎಂಬುದೇ ನನಗೆ ಅಲ್ಲಿ ಗೊತ್ತಾದದ್ದು. ಕೊನೆಯ ದಿನ ಮಾತ್ರ ಮಾತಿಲ್ಲ, ಕಥೆಯಿಲ್ಲ. ಹೊರಸಿನ ಮೇಲೆ ಒಬ್ಬರೇ ಮಲಗಿ ತುಟಿ ಅಲುಗಾಡಿಸುತ್ತಿದ್ದರು, ಬೆರಳು ಮಡಚುತ್ತಿದ್ದರು. ಮತ್ತೆ ಹೊಟ್ಟೆ ಕೆಟ್ಟಿತು ಎಂದುಕೊಂಡು ನಾನು ಅಂಬಲಿ ಕಾಯಿಸಿ ಕೊಟ್ಟೆ. ಕುಡಿಯಲಿಲ್ಲ.

ಶಿಗ್ಗಾವಿಯಲ್ಲಿ ಬಸ್ಸಿಳಿದ ಕೂಡಲೇ ನಾದಿನಿ ಮುಂದೆ ಓಡಿ ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತಳು. ಹೆಸರು ಹೇಳದೆ ಒಳಗೆ ಬಿಡುವುದಿಲ್ಲ, ಅದು ಅವಳ ಹಕ್ಕು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು. ಅದರಾಚೆ ನನ್ನ ಅತ್ತೆಮ್ಮ, ಅಂದರೆ ನಮ್ಮವರ ಅವ್ವ, ಕೈಯಲ್ಲಿ ಆರತಿ. ಓಣಿಯ ಮಂದಿಯೆಲ್ಲ ನೆರೆದಿದ್ದರು. ನಾನು ಅವ್ವನ ಹಳೆಯ ಒಡಪನ್ನೇ ಹೇಳಿದೆ. "ಇನ್ನ ನೀ ಹೇಳಪಾ," ಎಂದಳು ನಾದಿನಿ.

ಅವರು ಅತ್ತೆಮ್ಮನನ್ನು ನೋಡಲಿಲ್ಲ, ಆರತಿಯ ದೀಪವನ್ನು ನೋಡುತ್ತ ಹೇಳಿದರು:

"ಸವಣೂರ ಎಲಿಗೆ ತುಟಿ ಕೆಂಪು, ಅತ್ತಿ ತೋಟ ತಂಪು;
ಇಕಿ ಓದಾಕ ಧಾರವಾಡಕ್ಕ ಹೋಗ್ಲಿ, ಅವ್ವಾ, ನೀ ಒಪ್ಪು."

"ಇಕಿ" ಎಂದಲ್ಲಿ ನನ್ನ ಹೆಸರು. ನಾದಿನಿ ಚಾಚಿದ ಕೈ ತಾನಾಗಿ ಇಳಿಯಿತು. ಅತ್ತೆಮ್ಮ ಮಗನನ್ನು ನೋಡಿದಳು, ನನ್ನನ್ನು ನೋಡಿದಳು, ಕೈಯೊಳಗಿನ ದೀಪವನ್ನು ನೋಡಿದಳು. ಆಮೇಲೆ ಆರತಿ ಎತ್ತಿ ನಿಧಾನವಾಗಿ ಬೆಳಗಿದಳು.

"ಧಾರವಾಡದಾಗ ಮಳಿಗಾಲಕ್ಕ ಥಂಡಿ ಭಾಳ," ಅಂದಳು. "ಹೋಗೂ ಮುಂದ ಒಂದು ದಪ್ಪನ ಕೌದಿ ಕೊಡ್ತೇನಿ. ಈಗ ಒಳಗ ಬಾ."

ನಾನು ಬಲಗಾಲಿನಿಂದ ಸೇರು ಒದ್ದೆ. ಮೆಲ್ಲಗೆ ಒದೆಯಬೇಕೆಂದು ಅವ್ವ ಕಲಿಸಿದ್ದಳು. ಅಕ್ಕಿ ಪಡಸಾಲೆ ದಾಟಿ ದೇವರ ಕೋಣೆಯ ತನಕ ಹೋಯಿತು.